ಹಳೆ ಗಾಡಿ ಹೀಟ್ ಆಗ್ತಿದೆಯಾ? ಥರ್ಮೋಸ್ಟಾಟ್ ಕಿತ್ತು ಬಿಸಾಡಬೇಡಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ಹೊರುವ ಗಾಡಿ ಬಗ್ಗೆ ಬರೀತಿದ್ದೀನಿ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ನನಗೆ ಬರುವ ಫೋನ್‌ಗಳಲ್ಲಿ ಥ್ರಿಪ್ಸ್, ಮೈಟ್ಸ್ ವಿಚಾರದ ಜೊತೆಗೆ ವಾರಕ್ಕೆ ಒಂದೆರಡಾದರೂ ‘ಗಾಡಿ ಹೀಟ್ ಆಗ್ತಿದೆ ಸಾರ್, ಏನ್ಮಾಡೋದು’ ಅಂತ ಇರುತ್ತವೆ. ತೋಟಗಾರಿಕೆ ಓದಿದವನನ್ನು ಗಾಡಿ ಬಗ್ಗೆ ಯಾಕೆ ಕೇಳ್ತಾರೆ ಅಂದ್ರೆ, ಹದಿನೆಂಟು ವರ್ಷ ಹಳೆಯ ಮಾರುತಿ ಓಮ್ನಿಯಲ್ಲಿ ಶಿರಾ ಕಡೆಯಿಂದ ಬೆಂಗಳೂರಿಗೆ ವಾರಕ್ಕೆರಡು ಸಲ ತರಕಾರಿ ಹೊರೋದನ್ನ ಇವರೆಲ್ಲ ನೋಡಿದ್ದಾರೆ. ಆ ಗಾಡಿ ಇನ್ನೂ ಓಡ್ತಿದೆ. ನನ್ನ ಅರ್ಹತೆ ಅಷ್ಟೇ.

ಓಮ್ನಿ ಅಂದ್ರೆ ಗೊತ್ತಲ್ಲ, 1984ರಲ್ಲಿ ‘ಮಾರುತಿ ವ್ಯಾನ್’ ಅಂತ ಬಂದದ್ದು. 796 ಸಿಸಿ, ಮೂರು ಸಿಲಿಂಡರ್. 2019ರಲ್ಲಿ ತಯಾರಿಕೆ ನಿಂತರೂ ನಮ್ಮ ಕಡೆ ಸಂತೆ, ಎಪಿಎಂಸಿ, ಹಾಲಿನ ಡೇರಿ ಎಲ್ಲಿ ನೋಡಿದರೂ ನಾಲ್ಕು ನಿಂತಿರುತ್ತವೆ. ಎರಡು ಎಕರೆ, ಮೂರು ಎಕರೆಯಲ್ಲಿ ಸೊಪ್ಪು ತರಕಾರಿ ಬೆಳೆದು ನೇರವಾಗಿ ಗ್ರಾಹಕರಿಗೆ ಮಾರುವವರಿಗೆ ಹೊಸ ಗಾಡಿಯ ಕಂತು ಕಟ್ಟೋದು ಆಗದ ಮಾತು. ಹದಿನೈದು ವರ್ಷ ಆದಮೇಲೆ ಎಫ್‌ಸಿ ಮಾಡಿಸಿ, ಮತ್ತೆ ಐದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸಿಕೊಂಡು ಇದ್ದುದನ್ನೇ ಓಡಿಸ್ತೇವೆ. ಅಂಥವರಿಗೆ ಎಂಜಿನ್ ಹೋದರೆ ಗಾಡಿ ಒಂದೇ ಹೋಗಲ್ಲ, ಮಾರುಕಟ್ಟೆಯೂ ಹೋಗುತ್ತೆ.

ಹೋದ ವರ್ಷ ನಮ್ಮ ಪಕ್ಕದ ಊರಿನ ಸೊಪ್ಪು ಬೆಳೆಗಾರರೊಬ್ಬರಿಗೆ ಆದದ್ದು ಇದೇ. ಎರಡು ವರ್ಷ ಹಿಂದೆ ಅವರ ವ್ಯಾನು ಹೀಟ್ ಆಗುತ್ತೆ ಅಂತ ಗ್ಯಾರೇಜಿಗೆ ಬಿಟ್ಟಾಗ ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತು ಕೈಗೆ ಕೊಟ್ಟ. ‘ನಮ್ಮ ಬಿಸಿಲಿಗೆ ಇದು ಬೇಡ ಅಣ್ಣ, ಇದೆಲ್ಲ ಚಳಿ ದೇಶಕ್ಕೆ’ ಅಂದನಂತೆ. ಮೀಟರಿನ ಮುಳ್ಳು ಕೆಳಗೇ ನಿಂತಿತು, ಇವರಿಗೂ ಸಮಾಧಾನ. ಅಸಲಿಗೆ ರೇಡಿಯೇಟರ್ ಅರ್ಧ ಕಟ್ಟಿಕೊಂಡಿತ್ತು. ಅದನ್ನು ಯಾರೂ ನೋಡಲಿಲ್ಲ. ಏಪ್ರಿಲ್‌ನ ಒಂದು ದಿನ ಪಾಲಕ್, ಕೊತ್ತಂಬರಿ ತುಂಬಿಕೊಂಡು ಹೊರಟವರಿಗೆ ಹೈವೇನಲ್ಲಿ ಹೋಸ್ ಪೈಪ್ ಒಡೆದು ನೀರೆಲ್ಲ ಸೋರಿದೆ. ಮುಳ್ಳು ಮೇಲೆ ಹೋಗುವ ಬದಲು ಕೆಳಗೆ ಬಿದ್ದಿದೆ. ಹೀಟ್ ಇಲ್ಲ ಅಂತ ಓಡಿಸಿದ್ದಾರೆ. ಹೆಡ್ ಬೆಂಡ್, ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್. ರಿಪೇರಿ ಲೆಕ್ಕ ಗಾಡಿಯ ಬೆಲೆಗಿಂತ ಜಾಸ್ತಿ ಬಂತು, ಗುಜರಿಗೆ ಹಾಕಿದರು. ಈಗ ಊರಿಗೆ ಬರುವ ಏಜೆಂಟ್ ಕೇಳಿದ ರೇಟಿಗೆ ಸೊಪ್ಪು ಕೊಡ್ತಿದ್ದಾರೆ. ಬೆಂಗಳೂರಲ್ಲಿ 15 ರೂಪಾಯಿಗೆ ಮಾರುತ್ತಿದ್ದ ಕೊತ್ತಂಬರಿ ಕಟ್ಟಿಗೆ ಊರಲ್ಲಿ 5, 6.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಹೀಟ್ ಆಗೋದು ರೋಗ ಅಲ್ಲ, ರೋಗದ ಲಕ್ಷಣ. ಲಕ್ಷಣ ಮುಚ್ಚುವ ಎರಡು ಅಭ್ಯಾಸ ನಮ್ಮಲ್ಲಿ ಬೇರು ಬಿಟ್ಟಿವೆ: ಥರ್ಮೋಸ್ಟಾಟ್ ಕಿತ್ತುಹಾಕೋದು, ಬೋರ್ ನೀರು ತುಂಬ್ತಾ ಹೋಗೋದು. ಹಳೆ ಗಾಡಿಗಳು ವಯಸ್ಸಾಗಿ ಸಾಯೋದಕ್ಕಿಂತ ಈ ಎರಡರಿಂದ ಸಾಯೋದೇ ಹೆಚ್ಚು ಅಂತ ನನಗನಿಸುತ್ತೆ.

ಮೊದಲು ಥರ್ಮೋಸ್ಟಾಟ್ ವಿಚಾರ. ಅದೊಂದು ಪುಟ್ಟ ಬಾಗಿಲು, ಒಳಗೆ ಮೇಣದ ಗುಳಿಗೆ ಇರುತ್ತೆ. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿ, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತೆ. ಅದರ ಮೇಲೆ ಒತ್ತಿರುವ ಡಿಗ್ರಿಗೆ, ಸಾಮಾನ್ಯವಾಗಿ 82 ಅಥವಾ 88ಕ್ಕೆ, ಮೇಣ ಕರಗಿ ಉಬ್ಬಿ ಬಾಗಿಲು ತಳ್ಳುತ್ತೆ, ಆಗ ನೀರು ರೇಡಿಯೇಟರಿಗೆ ಹರಿಯುತ್ತೆ. ಇದು ಚಳಿ ದೇಶಕ್ಕೆ ಮಾತ್ರ ಅನ್ನೋದು ಸುಳ್ಳು. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಎಂಜಿನ್ನಿಗೆ ಅದು ತಣ್ಣಗೇ. ಎಂಜಿನ್ ತಣ್ಣಗೆ ಓಡಿದರೆ ಕಾರ್ಬೊರೇಟರ್‌ನಿಂದ ಬಂದ ಪೆಟ್ರೋಲ್ ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿಯುತ್ತೆ. ಆಯಿಲ್ ತೆಳುವಾಗುತ್ತೆ, ಒಳಗಿನ ತೇವ ಆರದೆ ಕೆಸರು ಕಟ್ಟುತ್ತೆ, ರಿಂಗ್ ಬೇಗ ಸವೆಯುತ್ತೆ, ಮೈಲೇಜ್ ಇಳಿಯುತ್ತೆ. ಗ್ಯಾಸ್ ಕಿಟ್ ಇರುವ ಗಾಡಿಯಾದರೆ ಇನ್ನೊಂದು ತೊಂದರೆ: ಎಲ್‌ಪಿಜಿ ಆವಿಯಾಗಲು ವೇಪರೈಸರಿಗೆ ಎಂಜಿನ್ ನೀರಿನ ಬಿಸಿಯೇ ಬೇಕು.

‘ಥರ್ಮೋಸ್ಟಾಟ್ ತೆಗೆದರೆ ನೀರು ಜೋರಾಗಿ ಓಡಿ ತಣ್ಣಗಾಗೋಕೆ ಟೈಮ್ ಸಿಗಲ್ಲ, ಅದಕ್ಕೇ ತೆಗೀಬಾರದು’ ಅಂತ ಹೇಳುವವರೂ ಇದ್ದಾರೆ. ನನ್ನ ಪರವಾಗಿ ಮಾತಾಡಿದರೂ ಅದು ಸರಿಯಾದ ಕಾರಣ ಅಲ್ಲ. ನೀರು ಸುತ್ತುತ್ತಲೇ ಇರುತ್ತೆ, ಈ ಸುತ್ತಿನಲ್ಲಿ ಬಿಟ್ಟ ಬಿಸಿ ಮುಂದಿನ ಸುತ್ತಿನಲ್ಲಿ ಹೋಗುತ್ತೆ. ನಿಜವಾದ ತೊಂದರೆ ಬೇರೆ. ಥರ್ಮೋಸ್ಟಾಟ್ ಇಲ್ಲದ ಗಾಡಿ ಸಪಾಟು ರಸ್ತೆಯಲ್ಲಿ ತಣ್ಣಗೆ ಕಾಣಿಸಿ ಮೂಲ ದೋಷವನ್ನು ಬಚ್ಚಿಡುತ್ತೆ. ಲೋಡ್ ಹಾಕಿ ಏರು ಹತ್ತಿಸಿದ ದಿನ ಅದು ಹೊರಗೆ ಬರುತ್ತೆ.

ಹಾಗಂತ ಥರ್ಮೋಸ್ಟಾಟ್ ಕೆಡಲ್ಲ ಅಂತಲ್ಲ, ಕೆಡುತ್ತೆ. ಮುಚ್ಚಿದಂತೆಯೇ ಕಚ್ಚಿಕೊಂಡರೆ ಹೊರಟ ಐದತ್ತು ನಿಮಿಷಕ್ಕೇ ಮುಳ್ಳು ಕೆಂಪಿಗೆ ಹೋಗುತ್ತೆ, ಎಂಜಿನ್ ಸುಡ್ತಿರುತ್ತೆ, ರೇಡಿಯೇಟರ್ ಮಾತ್ರ ತಣ್ಣಗಿರುತ್ತೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಿಚ್ಚಿ, ದಾರಕ್ಕೆ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಲ್ಲಿ ಇಳಿಬಿಟ್ಟು ಕಾಯಿಸಿ. ಕುದಿಯುವ ಹೊತ್ತಿಗೆ ಪೂರ್ತಿ ಬಾಯಿ ತೆರೆದಿರಬೇಕು, ತಣ್ಣಗಾದಾಗ ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಅದೇ ಡಿಗ್ರಿಯ ಹೊಸದನ್ನು ಹಾಕಿ, ಕೆಲವು ನೂರು ರೂಪಾಯಿಯ ಮಾತು. ಅಡುಗೆಮನೆ ಪಾತ್ರೆ ಮಾತ್ರ ತಗೋಬೇಡಿ. ಅಮ್ಮ ಬಯ್ಯೋದು ಒಂದು ಕಡೆ ಇರಲಿ, ಕೂಲೆಂಟ್ ವಿಷ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅರಭಾವಿಯಲ್ಲಿ ಓದುವಾಗ ನಮಗೆ ಮೊದಲು ಕಲಿಸಿದ ಪಾಠಗಳಲ್ಲಿ ಒಂದು: ಎಲೆ ಹಳದಿಯಾಗಿದೆ ಅಂದ ತಕ್ಷಣ ಔಷಧಿ ಹೇಳಬೇಡ, ಹಳೆ ಎಲೆಯೋ ಹೊಸ ಎಲೆಯೋ ಕೇಳು. ಕೆಳಗಿನ ಹಳೆ ಎಲೆಯಿಂದ ಶುರುವಾದರೆ ಸಾರಜನಕವೋ ಮೆಗ್ನೀಷಿಯಮ್ಮೋ ಇರಬಹುದು, ತುದಿಯ ಚಿಗುರಿನಿಂದ ಶುರುವಾದರೆ ಕಬ್ಬಿಣದ ಕೊರತೆ ನೋಡು. ಗಾಡಿಗೂ ಹೀಗೇ. ಹೀಟ್ ಆಗ್ತಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಕೇಳೋದು ಒಂದೇ ಪ್ರಶ್ನೆ: ಯಾವಾಗ?

ಸಿಗ್ನಲ್‌ನಲ್ಲಿ, ಸಂತೆ ಬೀದಿಯಲ್ಲಿ, ನಿಂತಲ್ಲೇ ಎಂಜಿನ್ ಓಡುವಾಗ ಹೀಟ್ ಆಗುತ್ತೆ, ರಸ್ತೆಗಿಳಿದು 40, 50ರಲ್ಲಿ ಹೋದರೆ ಮುಳ್ಳು ಇಳಿಯುತ್ತೆ ಅನ್ನಿ. ಹಾಗಿದ್ದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನಾಗಿ ಬರುತ್ತೆ, ನಿಂತಾಗ ಫ್ಯಾನೇ ಎಳೆಯಬೇಕು. ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಕಾಯಿರಿ. ಮುಳ್ಳು ಅರ್ಧ ದಾಟಿದರೂ ಕರೆಂಟ್ ಫ್ಯಾನ್ ತಿರುಗಲಿಲ್ಲ ಅಂದ್ರೆ ಫ್ಯೂಸ್, ರಿಲೇ, ಥರ್ಮೋ ಸ್ವಿಚ್, ಮೋಟಾರ್ ಈ ನಾಲ್ಕರಲ್ಲಿ ಒಂದು. ಫ್ಯೂಸ್ ನೋಡಿ ಸರಿಯಿದ್ದರೆ ಫ್ಯಾನಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ತಿರುಗಿದರೆ ಮೋಟಾರ್ ಸರಿ, ತೊಂದರೆ ಸ್ವಿಚ್ ಅಥವಾ ರಿಲೇಯಲ್ಲಿ. ಇನ್ನೊಂದು ತಮಾಷೆ ಇದೆ: ರಿಪೇರಿ ಮಾಡುವಾಗ ವೈರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತೆ. ತಿರುಗ್ತಿದೆ ಅಂತ ಎಲ್ಲರೂ ಸುಮ್ಮನಾಗ್ತಾರೆ. ಓಮ್ನಿಯಂತೆ ಫ್ಯಾನ್ ರೇಡಿಯೇಟರ್ ಹಿಂದೆ ಇರುವ ಗಾಡಿಯಲ್ಲಿ ಮುಂಭಾಗಕ್ಕೆ ಒಂದು ತೆಳು ಕಾಗದ ಹಿಡಿದರೆ ಅದು ಒಳಕ್ಕೆ ಎಳೆದು ಅಂಟಿಕೊಳ್ಳಬೇಕು.

ಅದೇ ಉಲ್ಟಾ ಆದರೆ? ಊರೊಳಗೆ ಚೆನ್ನಾಗಿದೆ, ಹೈವೇನಲ್ಲಿ 70 ದಾಟಿದಾಗ ಅಥವಾ ಲೋಡ್ ಹಾಕಿಕೊಂಡು ಏರು ಹತ್ತುವಾಗ ಮಾತ್ರ ಮುಳ್ಳು ಏರುತ್ತೆ. ಇದು ಹೆಚ್ಚಾಗಿ ರೇಡಿಯೇಟರ್ ಕಟ್ಟಿಕೊಂಡಿರುವ ಲಕ್ಷಣ. ಹೊರಗಿನಿಂದ ಕಟ್ಟಿರಬಹುದು, ಒಳಗಿನಿಂದ ಕಟ್ಟಿರಬಹುದು. ನಮ್ಮ ಗಾಡಿಗಳು ಕಣದ ಪಕ್ಕ ನಿಲ್ಲುತ್ತವೆ, ರಾಗಿ ಹೊಟ್ಟು, ಜೋಳದ ಸಿಪ್ಪೆ, ಕೆಂಧೂಳು, ರಾತ್ರಿ ಹುಳ ಎಲ್ಲವೂ ಫಿನ್‌ಗಳ ಮಧ್ಯೆ ಸೇರುತ್ತವೆ. ಒಕ್ಕಣೆ ಟೈಮಲ್ಲಿ ಟ್ರ್ಯಾಕ್ಟರ್ ಹೀಟ್ ಆಗೋದಕ್ಕೂ ಇದೇ ಕಾರಣ. ತೊಳೆಯುವಾಗ ಒಳಗಿಂದ ಹೊರಕ್ಕೆ, ಅಂದ್ರೆ ಎಂಜಿನ್ ಕಡೆಯಿಂದ ಮುಂದಕ್ಕೆ, ಸಣ್ಣ ಒತ್ತಡದಲ್ಲಿ ನೀರು ಬಿಡಿ. ವಾಟರ್ ಸರ್ವೀಸ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಂಡು ಇದ್ದ ಗಾಳಿ ದಾರಿಯೂ ಮುಚ್ಚುತ್ತೆ. ಒಳಗೆ ಕಟ್ಟಿದೆಯೋ ಅಂತ ನೋಡಲು, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಎಂಜಿನ್ ಆಫ್ ಮಾಡಿ ರೇಡಿಯೇಟರ್ ಮೇಲೆ ಕೈಯನ್ನು ಹತ್ತಿರ ಒಯ್ಯಿರಿ, ಮುಟ್ಟಬೇಡಿ, ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು ಜೋಕೆ. ಒಂದು ಕಡೆ ಬಿಸಿ, ಮಧ್ಯದಲ್ಲಿ ತಣ್ಣನೆಯ ತೇಪೆ ಇದ್ದರೆ ಅಲ್ಲಿ ನೀರು ಹರೀತಿಲ್ಲ.

ಹೊರಟ ಕೂಡಲೇ ಆದರೆ ಥರ್ಮೋಸ್ಟಾಟ್, ಮೇಲೆ ಹೇಳಿದೆ. ಹೀಟ್ ಜೊತೆಗೆ ಬ್ಯಾಟರಿ ಲೈಟೂ ಹತ್ತಿಕೊಂಡರೆ ಬೆಲ್ಟ್ ಹರಿದಿದೆ ಅಂತ ತಿಳೀರಿ. ಓಮ್ನಿ, ಮಾರುತಿ 800ರಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ಒಂದೇ ಬೆಲ್ಟ್ ತಿರುಗಿಸುತ್ತೆ. ಅಂಥ ಹೊತ್ತಲ್ಲಿ ಒಂದು ಕಿಲೋಮೀಟರ್ ಕೂಡ ಮುಂದೆ ಹೋಗಬಾರದು. ಬೆಲ್ಟ್ ಸರಿಯಿದ್ದು ಪಂಪ್ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗ್ತಿದ್ದರೆ ಪಂಪಿನ ಸೀಲ್ ಹೋಗಿದೆ.

ಕೂಲೆಂಟ್ ಬದಲಾಯಿಸಿದ ಮಾರನೇ ದಿನದಿಂದ ಹೀಟ್ ಶುರುವಾದರೆ ಬೇರೆ ಏನೂ ಹುಡುಕಬೇಡಿ, ಒಳಗೆ ಗಾಳಿ ಸಿಕ್ಕಿಕೊಂಡಿದೆ. ಓಮ್ನಿಯಲ್ಲಿ ಎಂಜಿನ್ ಡ್ರೈವರ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ. ಮಧ್ಯದ ಪೈಪ್ ಉದ್ದ ಇರೋದರಿಂದ ಗಾಳಿ ನಿಲ್ಲೋದು ಸುಲಭ. ಎಂಜಿನ್ ತಣ್ಣಗಿರುವಾಗ ನೀರು ತುಂಬುವ ಭಾಗ ಮೇಲಕ್ಕೆ ಬರುವಂತೆ ಗಾಡಿ ನಿಲ್ಲಿಸಿ, ಮುಚ್ಚಳ ತೆಗೆದು ಚಾಲೂ ಮಾಡಿ, ಗುಳ್ಳೆ ಬರೋದು ನಿಲ್ಲುವವರೆಗೂ ನಿಧಾನಕ್ಕೆ ತುಂಬಿಸ್ತಾ ಹೋಗಿ. ಹೀಟರ್ ಇದ್ದರೆ ಅದನ್ನೂ ಆನ್ ಇಡಿ. ಎರಡು ದಿನ ಓಡಿಸಿ ಮತ್ತೆ ನೋಡಿ, ಮಟ್ಟ ಸ್ವಲ್ಪ ಇಳಿದಿರುತ್ತೆ.

ನೀರಿನ ವ್ಯವಸ್ಥೆ ಎಲ್ಲ ಸರಿ ಇದ್ದೂ ಹೀಟ್ ಆಗೋದುಂಟು. ಬ್ರೇಕ್ ಕಚ್ಚಿಕೊಂಡು ಚಕ್ರ ಬಿಗಿಯಾಗಿರಬಹುದು, ಟೈಮಿಂಗ್ ಹಿಂದೆ ಬಿದ್ದಿರಬಹುದು. ಎಂಟು ಕ್ರೇಟ್ ಹಾಕುವಲ್ಲಿ ಹದಿನಾಲ್ಕು ಹಾಕಿದ್ದೀವಾ ಅನ್ನೋದನ್ನೂ ಕೇಳಿಕೊಳ್ಳಬೇಕು, ಆದರೆ ಆ ಪ್ರಶ್ನೆ ಯಾರಿಗೂ ಇಷ್ಟ ಆಗಲ್ಲ.

ನೀರಿನ ವಿಷಯಕ್ಕೆ ಬಂದರೆ, ಡ್ರಿಪ್ ಹಾಕಿರುವ ರೈತರಿಗೆ ನಾನು ಹೊಸದಾಗಿ ಏನೂ ಹೇಳಬೇಕಿಲ್ಲ. ಬೋರ್ ನೀರು ಬಿಟ್ಟ ಡ್ರಿಪ್ಪರಿನ ಬಾಯಲ್ಲಿ ಬಿಳಿ ಸುಣ್ಣ ಕಟ್ಟೋದನ್ನ ನೋಡಿದ್ದೀರಿ. ವರ್ಷಕ್ಕೊಮ್ಮೆ ಆಸಿಡ್ ಟ್ರೀಟ್‌ಮೆಂಟ್ ಯಾಕೆ ಮಾಡ್ತೀರಿ? ಆ ನೀರನ್ನೇ ರೇಡಿಯೇಟರಿಗೆ ಹಾಕಿದರೆ ಅಲ್ಲಿ ಏನಾಗಬೇಕು? ಡ್ರಿಪ್ ಲೈನಿನಲ್ಲಿ ನೀರು ಬಿಸಿಲಿಗೆ ಬೆಚ್ಚಗಾಗುತ್ತೆ ಅಷ್ಟೇ, ಎಂಜಿನ್ನಿನಲ್ಲಿ 90 ಡಿಗ್ರಿ. ಗಡಸು ನೀರಿನ ಬೈಕಾರ್ಬೊನೇಟ್ ಬಿಸಿಗೆ ಒಡೆದು ಸುಣ್ಣವಾಗಿ ಕೂರುತ್ತೆ, ಅದೂ ಎಲ್ಲಿ ಹೆಚ್ಚು ಬಿಸಿಯೋ ಅಲ್ಲೇ. ಸುಣ್ಣದ ಪೊರೆ ಬಿಸಿಯನ್ನು ಸರಿಯಾಗಿ ದಾಟಿಸಲ್ಲ. ಎಂಜಿನ್ ಬಿಸಿ ನೀರಿಗೆ ಬರಲ್ಲ, ನೀರಿನ ಬಿಸಿ ಗಾಳಿಗೆ ಹೋಗಲ್ಲ.

ಒಂದು ಲೆಕ್ಕ ಹೇಳ್ತೀನಿ. ಕುಡಿಯುವ ನೀರಿಗೆ ಬಿಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್ ನೀರು ಆ 600ರ ಮಟ್ಟದಲ್ಲಿದೆ ಅಂದುಕೊಳ್ಳಿ. ಒಂದು ಸಲ ನಾಲ್ಕು ಲೀಟರ್ ತುಂಬಿದರೆ ಒಳಗೆ ಹೋದದ್ದು ಎರಡೂವರೆ ಗ್ರಾಂ, ದೊಡ್ಡ ವಿಷಯ ಅಲ್ಲ. ಆದರೆ ಎಲ್ಲೋ ಸಣ್ಣ ಸೋರಿಕೆ ಇದೆ, ದಿನಾ ಬೆಳಗ್ಗೆ ಅರ್ಧ ಲೀಟರ್ ಬೋರ್ ನೀರು ಸುರೀತೀರಿ ಅಂದ್ರೆ ವರ್ಷಕ್ಕೆ 180 ಲೀಟರ್ ದಾಟುತ್ತೆ, ನೂರು ಗ್ರಾಂಗಿಂತ ಹೆಚ್ಚು ಸುಣ್ಣ. ಅದರಲ್ಲಿ ಅರ್ಧ ಕೂತರೂ ಆ ಸಣ್ಣ ಟ್ಯೂಬುಗಳ ಗತಿ ಏನು? ಸೋರಿಕೆ ಸರಿ ಮಾಡಿಸದೆ ನೀರು ಹಾಕ್ತಾ ಹೋಗೋದು ಅಂದ್ರೆ ಸೋರುವ ಗಾಡಿಗೆ ದಿನಾ ಹೊಸ ಸುಣ್ಣ ಬಡಿಸಿದ ಹಾಗೆ.

‘ನಮ್ಮೂರಲ್ಲಿ ನೀರೇನು ಹೆಪ್ಪುಗಟ್ಟುತ್ತಾ, ಕೂಲೆಂಟ್ ಯಾಕೆ’ ಅಂತ ಕೇಳ್ತಾರೆ. ಹೆಪ್ಪುಗಟ್ಟಲ್ಲ, ನಿಜ. ನಮಗೆ ಕೂಲೆಂಟ್ ಬೇಕಿರೋದು ಅದರಲ್ಲಿರುವ ತುಕ್ಕು ತಡೆಯುವ ಅಂಶಕ್ಕೆ. ಕಬ್ಬಿಣ, ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ ಎಲ್ಲ ಒಂದೇ ನೀರಲ್ಲಿ ಕೂತಿರುತ್ತವೆ, ಬರೀ ನೀರಾದರೆ ಒಂದನ್ನೊಂದು ತಿನ್ನುತ್ತವೆ. ಮೇಲಾಗಿ ಕೂಲೆಂಟ್ ಸೇರಿದ ನೀರು ಸ್ವಲ್ಪ ಹೆಚ್ಚಿನ ಡಿಗ್ರಿಗೆ ಕುದಿಯುತ್ತೆ. ಅಂಗಡಿಯಲ್ಲಿ ಎರಡು ಥರ ಸಿಗುತ್ತೆ: ಹಾಗೇ ಹಾಕುವ ರೆಡಿ ಮಿಕ್ಸ್, ನೀರು ಬೆರೆಸಬೇಕಾದ ಗಟ್ಟಿ ಕೂಲೆಂಟ್. ಡಬ್ಬಿ ಓದಿ. ರೆಡಿ ಮಿಕ್ಸಿಗೆ ಮತ್ತೆ ನೀರು ಸೇರಿಸಿದರೆ ಹಣ ದಂಡ. ಗಟ್ಟಿ ಕೂಲೆಂಟಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬೆರೆಸಿ. ಒಂದೆರಡು ಒಳ್ಳೆ ಮಳೆ ಬಿದ್ದು ಚಾವಣಿ ತೊಳೆದ ಮೇಲೆ ಶುದ್ಧ ಪಾತ್ರೆಯಲ್ಲಿ ನೇರ ಹಿಡಿದು, ಬಟ್ಟೆಯಲ್ಲಿ ಸೋಸಿದ ಮಳೆ ನೀರನ್ನೂ ನಾನು ಬಳಸ್ತೀನಿ, ಅದರಲ್ಲಿ ಸುಣ್ಣ ಇರಲ್ಲ. ಆದರೆ ಮಳೆ ನೀರಾಗಲಿ ಆರ್‌ಓ ನೀರಾಗಲಿ ಕೂಲೆಂಟ್ ಇಲ್ಲದೆ ಬರೀ ಅದನ್ನೇ ತುಂಬಿ ಓಡಿಸಬಾರದು, ತುಕ್ಕು ಹಿಡಿಯುತ್ತೆ. ಹಸಿರು, ಕೆಂಪು ಬೇರೆ ಬೇರೆ ಜಾತಿಯವನ್ನು ಬೆರೆಸಬೇಡಿ, ಕೆಲವು ಒಂದಕ್ಕೊಂದು ಸೇರಿ ಲೋಳೆಯಾಗ್ತವೆ.

ಇಲ್ಲಿ ಒಂದು ಎಚ್ಚರಿಕೆ. ಡ್ರಿಪ್ಪಿಗೆ ಹಾಕುವ ಆಸಿಡ್ಡನ್ನೇ ರೇಡಿಯೇಟರಿಗೆ ಬಿಟ್ಟು ತೊಳೆಯಬಹುದಾ ಅಂತ ಇಬ್ಬರು ಕೇಳಿದ್ದಾರೆ. ಖಂಡಿತ ಬೇಡ. ಹೈಡ್ರೋಕ್ಲೋರಿಕ್ ಆಸಿಡ್ ಸುಣ್ಣವನ್ನೂ ತಿನ್ನುತ್ತೆ, ಅಲ್ಯುಮಿನಿಯಂ ಹೆಡ್ಡನ್ನೂ ತಿನ್ನುತ್ತೆ. ಹಳೆಯ ತಾಮ್ರ ಹಿತ್ತಾಳೆ ರೇಡಿಯೇಟರ್ ಆಗಿದ್ದರೆ ರೇಡಿಯೇಟರ್ ಅಂಗಡಿಯವರು ಮೇಲಿನ ಟ್ಯಾಂಕ್ ಬಿಚ್ಚಿ ಟ್ಯೂಬಿಗೆ ಕಡ್ಡಿ ಹಾಕಿ ಕ್ಲೀನ್ ಮಾಡಿ ಮತ್ತೆ ಬೆಸುಗೆ ಹಾಕಿ ಕೊಡ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ರೇಡಿಯೇಟರ್ ಹಾಗೆ ಬಿಚ್ಚಲು ಬರಲ್ಲ, ಪೂರ್ತಿ ಕಟ್ಟಿದ್ದರೆ ಬದಲಾಯಿಸೋದೇ ಸರಿ. ಸೋರಿಕೆಗೆ ಅರಿಶಿನ ಪುಡಿ ಹಾಕುವ ಉಪಾಯ ಎಲ್ಲರಿಗೂ ಗೊತ್ತು. ನಡುದಾರಿಯಲ್ಲಿ ಮನೆ ಸೇರೋಕೆ ಅದು ನಡೆಯುತ್ತೆ. ಆಮೇಲೆ ಒಂದು ವಾರದೊಳಗೆ ಸೋರಿಕೆ ಸರಿ ಮಾಡಿಸಿ ಪೂರ್ತಿ ತೊಳೆಸದಿದ್ದರೆ, ತೂತು ಮುಚ್ಚಿದ ಅರಿಶಿನವೇ ಟ್ಯೂಬನ್ನೂ ಮುಚ್ಚುತ್ತೆ.

ಎಲ್ಲರೂ ಮರೆಯೋದು ರೇಡಿಯೇಟರ್ ಮುಚ್ಚಳ. ಅದು ಬರೀ ಮುಚ್ಚಳ ಅಲ್ಲ, ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಬಯಲುಸೀಮೆಯ ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97, 98ಕ್ಕೇ ಕುದಿಯುತ್ತೆ. ಮುಚ್ಚಳದ ಮೇಲೆ 0.9 ಅಂತ ಬರೆದಿದ್ದರೆ ಅದು 0.9 ಬಾರ್ ಒತ್ತಡ ಹಿಡಿಯುತ್ತೆ, ಆಗ ನೀರು ಕುದಿಯಲು 115 ಡಿಗ್ರಿ ದಾಟಬೇಕು. ಸ್ಪ್ರಿಂಗ್ ಸಡಿಲವಾಗಿ, ರಬ್ಬರ್ ಒಡೆದಿದ್ದರೆ ಎಂಜಿನ್ ಸರಿಯಿದ್ದರೂ ನೀರು ಕುದಿದು ಹೊರಗೆ ಚೆಲ್ಲುತ್ತೆ. ಎಂಜಿನ್ ಬಿಚ್ಚಿಸುವ ಮಾತು ಬರುವ ಮೊದಲು ಒಂದು ಹೊಸ ಮುಚ್ಚಳ ಹಾಕಿ ನೋಡಿ, ಅದೇ ಒತ್ತಡದ್ದು. ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಈ ಒತ್ತಡದ ಕಾರಣಕ್ಕೇ ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು. ತೆಗೆದ ಕ್ಷಣ ಒಳಗಿನ ನೀರು ಹಬೆಯಾಗಿ ಮುಖಕ್ಕೆ ಹಾರುತ್ತೆ. ಒದ್ದೆ ಗೋಣಿಚೀಲ ಹಾಕಿ ತಿರುಗಿಸ್ತೀನಿ ಅನ್ನುವ ಧೈರ್ಯ ಬೇಡ. ಮೇಲಿನ ಹೋಸ್ ಪೈಪ್ ಒತ್ತಿದರೆ ಮೆತ್ತಗಾಗುವವರೆಗೂ ಕಾಯಬೇಕು, ಅರ್ಧ ಗಂಟೆಯಾಗಲಿ ಒಂದು ಗಂಟೆಯಾಗಲಿ.

ಹೆಡ್ ಗ್ಯಾಸ್ಕೆಟ್ ಹೋಗಿದೆಯೋ ಅನ್ನೋದೇ ಎಲ್ಲರ ಭಯ. ಮೆಕ್ಯಾನಿಕ್ ಹೇಳಿದ ಅಂತ ಒಪ್ಪೋದು ಬೇಡ, ನೀವೇ ನೋಡಬಹುದು. ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿ, ಎಕ್ಸಲೇಟರ್ ಕೊಟ್ಟಾಗ ನಿಲ್ಲದೆ ಗುಳ್ಳೆ ಏಳ್ತಿದ್ದರೆ ಅನುಮಾನ ಸರಿ. ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ, ಇನ್ನೂ ಬಿಸಿಯಾಗುವ ಮೊದಲೇ, ಹೋಸ್ ಪೈಪ್ ಕಲ್ಲಿನಂತೆ ಬಿಗಿಯಾದರೂ ಅದೇ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ, ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಸೋರಿಕೆ ಎಲ್ಲೂ ಇಲ್ಲದೆ ನೀರು ಮಾಯ, ಇವು ಉಳಿದ ಲಕ್ಷಣಗಳು. ಚಳಿಗಾಲದ ಬೆಳಗ್ಗೆ ಮೊದಲ ಐದು ನಿಮಿಷ ಬರುವ ಬಿಳಿ ಹಬೆ ಲೆಕ್ಕಕ್ಕಿಲ್ಲ. ದೊಡ್ಡ ಗ್ಯಾರೇಜ್‌ಗಳಲ್ಲಿ ರೇಡಿಯೇಟರ್ ಬಾಯಿಗೆ ನೀಲಿ ದ್ರವದ ನಳಿಕೆ ಇಟ್ಟು ನೋಡ್ತಾರೆ, ಎಂಜಿನ್ ಹೊಗೆ ನೀರಿಗೆ ನುಗ್ತಿದ್ದರೆ ನೀಲಿ ಹೋಗಿ ಹಳದಿಯಾಗುತ್ತೆ. ಗ್ಯಾಸ್ಕೆಟ್ ಹಾಕಿಸುವುದಾದರೆ ಹೆಡ್ ಬೆಂಡ್ ಆಗಿದೆಯೋ ಅಂತ ಲೇತ್‌ನಲ್ಲಿ ಚೆಕ್ ಮಾಡಿಸಿ, ಬೇಕಾದರೆ ಫೇಸಿಂಗ್ ಮಾಡಿಸಿಯೇ ಹಾಕಿಸಿ. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಮೂರು ತಿಂಗಳೂ ಬರಲ್ಲ. ಹೆಡ್ ಕೆಳಗಿಳಿದಾಗ, ಯಾವ ದೋಷದಿಂದ ಹೀಟ್ ಆಗಿ ಗ್ಯಾಸ್ಕೆಟ್ ಹೋಯಿತು ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಉತ್ತರ ಬರದಿದ್ದರೆ ಗಾಡಿ ಮತ್ತೆ ಅಲ್ಲಿಗೇ ಬರುತ್ತೆ.

ದಾರಿಯಲ್ಲಿ ಮುಳ್ಳು ಏರಿದರೆ ಏನು ಮಾಡೋದು ಅಂತ ಹೇಳಿಬಿಡ್ತೀನಿ. ಎಸಿ ಇದ್ದರೆ ಆಫ್, ಹೀಟರ್ ಇದ್ದರೆ ಪೂರ್ತಿ ಆನ್. ಅದೂ ಒಂದು ಪುಟ್ಟ ರೇಡಿಯೇಟರೇ, ಸೆಕೆಯಾದರೂ ಸಹಿಸಿಕೊಳ್ಳಿ. ಎಡಕ್ಕೆ ಹಾಕಿ ನೆರಳಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎಂಜಿನ್ ಮೇಲೆ ತಣ್ಣೀರು ಎರಚಬೇಡಿ, ಕಾದ ಹೆಡ್ ಸೊಟ್ಟಗಾಗೋದು, ಬಿರುಕು ಬಿಡೋದು ಆಗಲೇ. ತಣ್ಣಗಾದ ಮೇಲೆ ನೀರು ಹಾಕಿ. ಆ ಹೊತ್ತಲ್ಲಿ ಕುಡಿಯುವ ನೀರಿನ ಬಾಟಲಿಯೇ ಗತಿ, ಅದು ಪರವಾಗಿಲ್ಲ. ಹೊತ್ತ ಮಾಲನ್ನು ಬೇರೆ ಗಾಡಿಗೆ ಹಾಕಿ ಕಳಿಸೋಕೆ ಆಗುತ್ತಾ ನೋಡಿ. ಒಂದು ಲೋಡ್ ಸೊಪ್ಪು ಬಾಡಿದರೆ ಎರಡು ಸಾವಿರವೋ ಮೂರು ಸಾವಿರವೋ, ಎಂಜಿನ್ ಹೋದರೆ ಲೆಕ್ಕವೇ ಬೇರೆ.

ಮುಳ್ಳಿನ ಬಗ್ಗೆ ಇನ್ನೊಂದು ಮಾತು, ಪಕ್ಕದ ಊರಿನವರಿಗೆ ಗೊತ್ತಿಲ್ಲದೇ ಹೋದದ್ದು. ಹೀಟ್ ಮೀಟರಿನ ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತೆ. ನೀರು ಪೂರ್ತಿ ಖಾಲಿಯಾದರೆ ಅದು ಬರೀ ಹಬೆಯಲ್ಲಿ ನೇತಾಡ್ತಾ ತಪ್ಪು ಲೆಕ್ಕ ಕೊಡುತ್ತೆ. ಓಡುವಾಗ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಖುಷಿ ಪಡದೆ ತಕ್ಷಣ ನಿಲ್ಲಿಸಿ.

ಕೊನೆಯದಾಗಿ ಸಾವಯವ ತೋಟದವರಿಗೆ. ಹಳೆ ಕೂಲೆಂಟ್ ಇಳಿಸಿದ ಮೇಲೆ ಅದನ್ನು ಕಾಲುವೆಗೋ ಗೊಬ್ಬರದ ಗುಂಡಿಗೋ ಚೆಲ್ಲಬೇಡಿ. ಅದರಲ್ಲಿರೋದು ಎಥಿಲೀನ್ ಗ್ಲೈಕಾಲ್, ಜೊತೆಗೆ ರೇಡಿಯೇಟರಿನಿಂದ ಕರಗಿ ಬಂದ ಸೀಸ, ತಾಮ್ರ. ರುಚಿ ಸಿಹಿ, ಅದೇ ಅಪಾಯ. ನಾಯಿ ನೆಕ್ಕುತ್ತೆ, ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ನಿಂತು ಸಾಯುತ್ತೆ, ಕರು ಕುರಿಗೂ ಒಳ್ಳೇದಲ್ಲ. ಇಳಿಸುವಾಗ ಕೆಳಗೆ ಬೋಗುಣಿ ಇಡಿ, ಚೆಲ್ಲಿದ ಜಾಗಕ್ಕೆ ಮಣ್ಣು ಹಾಕಿ ಗುಡಿಸಿ ತೆಗೆದುಬಿಡಿ. ತಂಪು ಪಾನೀಯದ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ, ಹಸಿರು ಬಣ್ಣ ನೋಡಿ ಮಕ್ಕಳು ಕುಡೀಬಹುದು. ನಾನು ಐದು ಲೀಟರಿನ ಆಯಿಲ್ ಕ್ಯಾನಿಗೆ ತುಂಬಿ, ಮೇಲೆ ದಪ್ಪಗೆ ‘ವಿಷ’ ಅಂತ ಬರೆದು, ಶೆಡ್ಡಿನ ಮೇಲಿನ ಹಲಗೆಯಲ್ಲಿಡ್ತೀನಿ. ಮುಂದಿನ ಸಲ ತುಮಕೂರಿಗೆ ಹೋದಾಗ, ಹಳೆ ಆಯಿಲ್, ಕೂಲೆಂಟ್ ಬೇರೆ ಮಾಡಿ ವಿಲೇವಾರಿಗೆ ಕೊಡುವ ದೊಡ್ಡ ವರ್ಕ್‌ಶಾಪಿನಲ್ಲಿ ಬಿಟ್ಟು ಬರ್ತೀನಿ.